ಕುಳ್ಳನ ಉಸಿರು

ಕಣ್ಣಿಗೆ ಕಾಣದೆ ಸಕಲ ಜೀವಿಗಳ ಎದೆಯಲ್ಲಿ ಬಂದುಹೋಗುವ ಉಸಿರನ್ನೇ ತನ್ನ ಸಂಚಾರವಾಗಿ ಮಾಡಿಕೊಂಡ ಕಾರಮಡೆಯ ರಂಗನಾಥನಿಗೆ ಮೊದಲ ನಮಸ್ಕಾರ. ಮಣ್ಣನ್ನು ಸೀಳುವ ಕಬ್ಬಿಣದಲ್ಲಿಯೂ, ಆ ಕಬ್ಬಿಣವನ್ನು ನಡೆಸುವ ಕೈಯಲ್ಲಿಯೂ, ಆ ಕೈಗೆ ಅನ್ನವಿಕ್ಕುವ ಕೈಯಲ್ಲಿಯೂ ನೆಲೆಸಿರುವ ಸ್ವಾಮಿಯು ಈ ಕಥೆಗೆ ಕಾವಲಾಗಿರಲಿ.

ಸಾವಿರದ ಒಂಬೈನೂರ ಎಂಬತ್ತನಾಲ್ಕನೆಯ ಇಸವಿಯ, ಸಂಕ್ರಾಂತಿಯಿಂದ ಮೊದಲಾಗುವ ತೈ ತಿಂಗಳು. ಮೆಟ್ಟುಪಾಳ್ಯಂ ರಸ್ತೆಯಿಂದ ಒಳಗೆ, ನೀಲಗಿರಿಯ ನೆರಳು ಹೊತ್ತಿಗೆ ಮುಂಚೆಯೇ ಬಂದು ಬೀಳುವ ಕೆಂಪು ನೆಲದಲ್ಲಿ, ರಾಮಾತಾಳ್ ತನ್ನ ಕೈಯಾರೆ ನೆಟ್ಟ ಕರಿಬೇವಿನ ತೋಟವಿತ್ತು. ತೋಟದ ಒಡೆತನದಲ್ಲಿ ಆಕೆಯ ಗಂಡ ದೊರೈಸಾಮಿಗೆ ಎಷ್ಟು ಪಾಲೋ ಮೈದುನ ಮಯಿಲ್‌ಸಾಮಿಗೂ ಅಷ್ಟೇ ಪಾಲು. ಆದರೆ ಒಂದೊಂದು ಸಸಿಗೂ ಮಡಕೆಯಲ್ಲಿ ನೀರು ಹೊತ್ತವಳು ರಾಮಾತಾಳ್. ಗಿಡಗಳು ಎದೆಯುದ್ದ ಬೆಳೆದು ಗಾಳಿಗೆ ಘಮಘಮಿಸತೊಡಗಿದ ಮೇಲೂ, ಯಾವ ಗಿಡ ಯಾವ ಬೇಸಿಗೆಯಲ್ಲಿ ಒಣಗಿ ಮತ್ತೆ ಚಿಗುರಿತೆಂಬುದು ಆಕೆಯ ನೆನಪಿನಲ್ಲಿತ್ತು.

ಆ ಸಾಲುಗಳ ನಡುವೆ ನಡೆಯಬಲ್ಲ ಯಂತ್ರ ಒಂದೇ ಒಂದು. ಬೆಟ್ಟದ ಮೇಲಿನ ಬಂಗಲೆಯೊಂದರ ಹೂದೋಟಕ್ಕಾಗಿ ಬಿಳಿಯ ದೊರೆಯೊಬ್ಬನು ಹಡಗಿನಲ್ಲಿ ತರಿಸಿ, ದೇಶ ಬಿಡುವಾಗ ಬಿಟ್ಟುಹೋದ ಪುಟ್ಟ ಟ್ರ್ಯಾಕ್ಟರು ಅದು. ದೊರೈಸಾಮಿ ಅದನ್ನು ಲಾರಿಯಲ್ಲಿ ಇಳಿಸಿ ತಂದ ದಿನ ಊರವರು ನಕ್ಕು ‘ಕುಳ್ಳ’ ಎಂದರು, ಹೆಸರು ನಿಂತಿತು. ಕುಳ್ಳನ ಅಗಲಕ್ಕೆ ಎರಡೂ ಕಡೆ ಒಂದೊಂದು ಗೇಣು ಸೇರಿಸಿ ದೊರೈಸಾಮಿ ಬಿದಿರಿನ ಕೋಲೊಂದನ್ನು ಕತ್ತರಿಸಿ ಕೊಟ್ಟಿದ್ದನು. ಆ ಕೋಲಿನಿಂದಲೇ ರಾಮಾತಾಳ್ ಸಾಲುಗಳನ್ನು ಅಳೆದಳು. ಆದ್ದರಿಂದ ಅಲ್ಲಿ ದೊಡ್ಡ ಟ್ರ್ಯಾಕ್ಟರು ತಿರುಗಲಾರದು; ನೊಗ ಹೊತ್ತ ಕಾಂಗೇಯಂ ಎತ್ತುಗಳಿಗೂ ದಾರಿಯಿಲ್ಲ.

ಮುಪ್ಪಾದ ಯಂತ್ರಕ್ಕೆ ರೋಗಗಳಿಲ್ಲವೆಂದಲ್ಲ. ಪ್ಲಗ್ಗಿಗೆ ಮಸಿ ಹಿಡಿಯುತ್ತಿತ್ತು. ಬೆಲ್ಟು ಸಡಿಲಾಗಿ ಜಾರುತ್ತಿತ್ತು. ಟ್ಯಾಂಕಿನ ತುಕ್ಕು ಇಳಿದು ಕಾರ್ಬ್ಯುರೇಟರಿನ ಕಿರುಬಾಯಿಯನ್ನು ಕಟ್ಟುತ್ತಿತ್ತು. ಆದರೆ ಕುಳ್ಳನ ಸತ್ಯಸಂಧತೆಯೆಂದರೆ, ನೋವನ್ನು ಬಚ್ಚಿಡದೆ ಮೊದಲೇ ಹೇಳಿಬಿಡುವುದು. ಮಸಿ ಹಿಡಿದರೆ ಕೆಮ್ಮುತ್ತಿತ್ತು, ಬೆಲ್ಟು ಜಾರಿದರೆ ಕಿರುಗುಟ್ಟುತ್ತಿತ್ತು, ತುಕ್ಕು ಸಿಕ್ಕಿದರೆ ಮುಗ್ಗರಿಸುತ್ತಿತ್ತು. ಕೇಳುವ ಕಿವಿಯಿದ್ದರೆ ಸಾಕು. ಮದ್ದು ಮಾಡಿದ ಮರುಗಳಿಗೆಯೇ ಹಗ್ಗ ಸುತ್ತಿ ಎಳೆದರೆ ಏಳುತ್ತಿತ್ತು. ಹೊಸ ಯಂತ್ರಗಳು ಗ್ಯಾರೇಜಿನಲ್ಲಿ ಕೈಕಾಲು ಬಿಟ್ಟು ಮಲಗಿದ ಮಳೆಗಾಲಗಳಲ್ಲಿಯೂ ಕುಳ್ಳನು ನಿಯಮ ತಪ್ಪಿದವನಲ್ಲ.

ಹೋದ ಆಯುಧಪೂಜೆಗೆ ದೊರೈಸಾಮಿ ಅದರ ಬಾನೆಟ್ಟಿಗೆ ಹಸಿರು ಬಣ್ಣ ಬಳಿಸಿದನು. “ಬಣ್ಣದ ಮೇಲೆ ಅರಿಸಿನ ಕುಂಕುಮ ಹಚ್ಚಬೇಡ, ಕರೆ ಬೀಳ್ತದೆ” ಎಂದು ಹೆಂಡತಿಗೆ ಹೇಳಿದನು. ಬೊಟ್ಟಿಲ್ಲದ ಹಣೆಯನ್ನು ಕಂಡು ರಾಮಾತಾಳಿಗೆ ಮನಸ್ಸು ತಡೆಯಲಿಲ್ಲ. ಪೆಟ್ರೋಲು ಹಾಕುವ ಟ್ಯಾಂಕಿನ ಹಿತ್ತಾಳೆಯ ಮುಚ್ಚಳವು ದೀಪದಂತೆ ದುಂಡಗೆ ಹೊಳೆಯುತ್ತಿತ್ತು. ಅಂದಿನಿಂದ ಪ್ರತಿ ಶುಕ್ರವಾರವೂ ಆಕೆ ಅದನ್ನು ಒದ್ದೆ ಬಟ್ಟೆಯಿಂದ ಉಜ್ಜಿ, ಗಂಧವನ್ನು ಗಟ್ಟಿಯಾಗಿ ತೇಯ್ದು ಹಚ್ಚಿ, ನಡುವೆ ಕುಂಕುಮವಿಟ್ಟು ಕೈಮುಗಿಯುತ್ತ ಬಂದಳು.

ಮಾರ್ಗಳಿಯ, ಎಂದರೆ ಧನುರ್ಮಾಸದ, ಹೊತ್ತಿಗೆ ಕುಳ್ಳನಿಗೆ ಹೊಸ ರೋಗ ಹತ್ತಿತು. ಚೆನ್ನಾಗಿಯೇ ಹೊರಡುವುದು; ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಕೆಮ್ಮದೆ, ಕಿರುಚದೆ, ದೀಪ ಆರಿದಂತೆ ನಿಂತುಬಿಡುವುದು. ನೆರಳಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದಂತೆ ಮತ್ತೆ ಏಳುವುದು. ರಾಮಾತಾಳ್ ಗಾಬರಿಯಿಂದ ಗಂಧವನ್ನು ಇನ್ನಷ್ಟು ದಪ್ಪಗೆ ಹಚ್ಚಿದಳು.

ತೈ ಮಾಸದ ಒಂದು ಶುಕ್ರವಾರ ಕುಳ್ಳನು ಮತ್ತೆ ನಿಂತನು. ದೊರೈಸಾಮಿ ಪೆಟ್ರೋಲಿದೆಯೇ ಎಂದು ನೋಡಲು ಮುಚ್ಚಳ ತಿರುಗಿಸಿದಾಗ ‘ಸುಯ್’ ಎಂಬ ಸದ್ದೊಂದು ಕೇಳಿಸಿತು. ಅದು ರಾಮಾತಾಳ ಕಿವಿಗೆ ನಿಟ್ಟುಸಿರಿನಂತೆ ಬಿದ್ದಿತು. ಅಷ್ಟರಲ್ಲಿ ಕಾಂಗೇಯಂನಲ್ಲಿ ಎಣ್ಣೆ ವ್ಯಾಪಾರ ಮಾಡುತ್ತಿದ್ದ ಮಯಿಲ್‌ಸಾಮಿ ಬದುವಿನ ಮೇಲೆ ಬಂದು ನಿಂತನು.

“ಏನಣ್ಣಾ, ಕುಳ್ಳ ಮಲಗಿಬಿಟ್ಟನಾ?”

“ಬಿಸಿಲಿಗೆ ಕಾದಿದೆ. ಆರಿದರೆ ಏಳ್ತದೆ.”

“ಎದ್ದು ಎರಡು ಸಾಲು ನಡೆದು ಮತ್ತೆ ಮಲಗ್ತದೆ. ಮಾವನ ಮನೆಗೆ ಬಂದ ಹೊಸ ಮಾಪಿಳ್ಳೆಗೂ ಇಷ್ಟು ಉಪಚಾರ ಇಲ್ಲ.” ಆಮೇಲೆ ಅವನು ನಗು ಬಿಟ್ಟು ಹೇಳಿದನು: “ಕಳೆ ಬೀಜ ಕಟ್ತಾ ಇದೆ ಅಣ್ಣಾ. ಕಳೆ ಕೀಳೋ ಆಳುಗಳೆಲ್ಲ ಮಿಲ್ಲಿಗೆ ಹೋದರು. ಸಾಲು ಬಿಟ್ಟು ಸಾಲು ಕಿತ್ತುಬಿಡೋಣ. ದೊಡ್ಡ ಟ್ರ್ಯಾಕ್ಟರು ವಂಡಿ ಸಲೀಸಾಗಿ ಓಡ್ತದೆ. ಇದನ್ನ ಹಳೇ ಕಬ್ಬಿಣಕ್ಕೆ ಹಾಕು.”

ದೊರೈಸಾಮಿ ಬಗ್ಗಿ ಒಂದು ಕಳೆ ಕಿತ್ತು ನೋಡಿದನು. ತಮ್ಮನ ಮಾತಿನಲ್ಲಿ ಸುಳ್ಳಿರಲಿಲ್ಲ. “ಸೋಮವಾರ ಆಳು ಕರಕೊಂಡು ಬಾ” ಎಂದನು.

ರಾಮಾತಾಳ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮನೆಯ ಕಡೆ ನಡೆದಳು. ಅರ್ಧ ತೋಟ ಹೋಗುವುದೆಂದರೆ ಆಕೆಗೆ ಲೆಕ್ಕದ ಮಾತಾಗಿರಲಿಲ್ಲ. ಯಾವ ಅರ್ಧವೆಂದು ಆರಿಸುವುದು?

ಆಕೆಯ ಹಠಕ್ಕೆ ಶನಿವಾರ ಪೆರಿಯನಾಯಕನಪಾಳ್ಯಂನಿಂದ ಮೆಕ್ಯಾನಿಕ್ ಅಂಗಪ್ಪನ್ ಬಂದನು. ನೇಯ್ಗೆಯ ಮನೆತನದವನು, ಮಗ್ಗ ಬಿಟ್ಟು ಸ್ಪ್ಯಾನರು ಹಿಡಿದವನು. ಕುಳ್ಳನೆಂದರೆ ಅವನಿಗೆ ಗೌರವ. ತುಕ್ಕು ಹಿಡಿದ ಟ್ಯಾಂಕನ್ನು ವಾಡಿಕೆಯಂತೆ ಬಿಚ್ಚಿಟ್ಟು, ಬಾಟಲಿಯಲ್ಲಿ ಪೆಟ್ರೋಲು ತೂಗುಹಾಕಿ ಕೊಟ್ಟಿಗೆಯಲ್ಲೇ ಓಡಿಸಿದನು. ಊಟದ ಹೊತ್ತಿನವರೆಗೂ ಇಂಜಿನು ಒಂದು ತಾಳವನ್ನೂ ತಪ್ಪಲಿಲ್ಲ.

“ಎಂಥಾ ಉಕ್ಕು ನೋಡಿ ಗೌಡರೇ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಓಡ್ತದೆ.”

“ತೋಟಕ್ಕಿಳಿದರೆ ನಿಲ್ತದಲ್ಲ, ಅಂಗಪ್ಪಾ.”

“ಹಂಗಾದರೆ ನಿಮ್ಮ ತೋಟಾನೇ ರಿಪೇರಿ ಮಾಡ್ಬೇಕು” ಎಂದು ಅಂಗಪ್ಪನ್ ನಕ್ಕನು. ಆದರೆ ಟ್ಯಾಂಕು ಕೂರಿಸಿ ತೋಟಕ್ಕಿಳಿಸಿದಾಗ ಕುಳ್ಳನು ಮೂರನೆಯ ಸಾಲಿನಲ್ಲಿ ನಿಂತನು. ಮೆಕ್ಯಾನಿಕ್ಕನ ನಗುವೂ ನಿಂತಿತು. “ಒಪ್ಪಿಕೊಳ್ತೀನಿ ಅಕ್ಕಾ, ನಂಗೆ ಇದು ಸಿಗ್ತಾ ಇಲ್ಲ” ಎಂದು ಕೈಯೊರೆಸಿಕೊಂಡು ಹೊರಟನು.

ಭಾನುವಾರ ಮಯಿಲ್‌ಸಾಮಿ ಮನೆಗೆ ಒಂದು ಟಿನ್ನು ತೆಂಗಿನೆಣ್ಣೆ ತಂದಿಳಿಸಿದನು. ಗಿಡ ಕೀಳಿಸುವುದಕ್ಕೆ ಅತ್ತಿಗೆ ಮುನಿಸಿಕೊಂಡಿದ್ದಾಳೆಂದು ಅವನಿಗೆ ಗೊತ್ತಿತ್ತು. ದೊರೈಸಾಮಿ ಮೊಳೆಯಿಂದ ಟಿನ್ನಿನ ಮೂಲೆಗೆ ತೂತು ಹೊಡೆದು ತಂಬಿಗೆಗೆ ಬಗ್ಗಿಸಿದನು. ಎಣ್ಣೆ ಗುಳುಗುಳು ಎಂದು ಎರಡು ಬಾರಿ ಬಿಕ್ಕಿ, ತಡೆತಡೆದು, ಬರಿಯ ಹನಿಯಾಯಿತು.

“ಕಾಂಗೇಯಂನೋನ ಅಣ್ಣ ಆಗಿ ಟಿನ್ನು ಒಡೆಯೋಕೆ ಬರಲ್ವಲ್ಲ” ಎಂದು ಮಯಿಲ್‌ಸಾಮಿ ಮೊಳೆಯನ್ನು ಕಿತ್ತುಕೊಂಡನು. “ಒಂದೇ ತೂತಾದರೆ ಎಣ್ಣೆ ಹೆಂಗೆ ಇಳೀತದೆ? ಆ ಕಡೆಯಿಂದ ಗಾಳಿ ಒಳಗೆ ಹೋದರೆ ತಾನೇ ಈ ಕಡೆಯಿಂದ ಹೊರಗೆ ಬರೋದು?” ಎದುರು ಮೂಲೆಗೆ ಇನ್ನೊಂದು ತೂತು ಬಿದ್ದದ್ದೇ ತಡ, ಎಣ್ಣೆ ದಾರದಂತೆ ಸುರಿಯಿತು.

ತಂಬಿಗೆ ಹಿಡಿದಿದ್ದ ರಾಮಾತಾಳ್ ಅದನ್ನು ನೆಲಕ್ಕಿಟ್ಟಳು. ಆಕೆಯ ಕಿವಿಯಲ್ಲಿ ಶುಕ್ರವಾರದ ಆ ‘ಸುಯ್’ ಮತ್ತೆ ಕೇಳಿಸಿತು. ಅದು ಹೊರಬಿಟ್ಟ ಉಸಿರಲ್ಲ, ಒಳಗೆಳೆದ ಉಸಿರು.

“ಏನುಂಗ,” ಎಂದಳು ಗಂಡನಿಗೆ, “ಕುಳ್ಳನ ಮುಚ್ಚಳದಲ್ಲಿ ಗಾಳಿಗೆ ತೂತಿದೆಯಾ?”

“ಸೂಜಿಮೊನೆಯಷ್ಟು ಇತ್ತು. ಯಾಕೆ?”

ಆಕೆ ಗೂಡಿನಿಂದ ಸೂಜಿ ತೆಗೆದುಕೊಂಡು ಕೊಟ್ಟಿಗೆಗೆ ನಡೆದಳು. ಅಣ್ಣತಮ್ಮಂದಿರು ಹಿಂದೆ ಬಂದರು. ಮುಚ್ಚಳದ ಮೇಲೆ ಗಂಧವು ಪದರಪದರವಾಗಿ ಒಣಗಿ ಕಲ್ಲಾಗಿತ್ತು. ನಡುವೆ ಕುಂಕುಮವು ಕಣ್ಣಿನಂತೆ ಕೆಂಪಗಿತ್ತು. ಸೂಜಿ ಹಿಡಿದ ಕೈ ಒಂದು ಗಳಿಗೆ ಮುಂದಾಗಲಿಲ್ಲ. ದೇವರಿಗೆಂದು ಇಟ್ಟದ್ದನ್ನು ಕೆರೆಯುವುದು ಹೇಗೆ? ಆದರೆ ಅದರ ಕೆಳಗೆ ಉಸಿರು ಕಟ್ಟಿಕೊಂಡು ಇಷ್ಟು ಕಾಲ ದುಡಿದವನ ನೆನಪಾಗಿ, ಆಕೆ ಕಣ್ಣಿಗೊತ್ತಿಕೊಂಡು ಕೆರೆದಳು. ಸೂಜಿ ಕೊನೆಗೊಮ್ಮೆ ಚುಚ್ಚಿಕೊಂಡು ಆಚೆ ಹೋಯಿತು.

“ನಾನೇ ಕತ್ತು ಹಿಸುಕಿಬಿಟ್ಟೆನಲ್ಲ” ಎಂದಳು, ತಲೆ ಎತ್ತದೆ.

ದೊರೈಸಾಮಿ ಮುಚ್ಚಳವನ್ನು ಬೆಳಕಿಗೆ ಹಿಡಿದು ತೂತಿನಿಂದ ನೋಡಿದನು. “ಬಣ್ಣ ಕೆಡ್ತದೆ ಅಂತ ಹಣೆಗೆ ಬೊಟ್ಟು ಬೇಡ ಅಂದವನು ನಾನು. ನೀನು ಇಡೋ ಕಡೆಯೇ ಇಟ್ಟಿದ್ದರೆ ಇದೆಲ್ಲ ಎಲ್ಲಿತ್ತು?”

ಹಗ್ಗ ಸುತ್ತಿ ಎಳೆದನು. ಕುಳ್ಳನು ಎದ್ದನು. ಮೊದಲ ಸಾಲು, ಎರಡನೆಯದು. ಮೂರನೆಯದಕ್ಕೆ ತಿರುಗುವಾಗ ರಾಮಾತಾಳ್ ಬದುವಿನ ಮೇಲೆ ಕಣ್ಣುಮುಚ್ಚಿ ನಿಂತಳು. ಸದ್ದು ನಿಲ್ಲಲಿಲ್ಲ. ಅದು ದೂರ ಹೋಯಿತು, ತಿರುಗಿತು, ಹತ್ತಿರ ಬಂದಿತು. ಕಣ್ಣು ತೆರೆದಾಗ ಕಳೆಯೆಲ್ಲ ಮಗುಚಿಬಿದ್ದು ಕೆಂಪು ಮಣ್ಣು ಹೊಗೆಯಾಡುತ್ತಿತ್ತು. ಗುದ್ದಲಿ ಮುಟ್ಟದ ಗಿಡಗಳು ಎರಡೂ ಕಡೆ ತೂಗುತ್ತಿದ್ದವು. ನೆರಳು ಬೆಟ್ಟದಿಂದಿಳಿದು ತೋಟವನ್ನು ಮುಟ್ಟುವವರೆಗೂ ಆ ಮುದುಕ ಯಂತ್ರವು ಒಮ್ಮೆಯೂ ವಿಶ್ರಾಂತಿ ಕೇಳಲಿಲ್ಲ.

“ತಂಬಿ,” ಎಂದಳು ರಾಮಾತಾಳ್, “ನಾಳೆ ಬರೋ ಆಳುಗಳಿಗೆ ಗುದ್ದಲಿ ಬೇಡ ಅನ್ನು. ಗೋಣಿಚೀಲ ತರಲಿ. ಸೊಪ್ಪು ಕೊಯ್ಯೋದಿದೆ.”

“ಸರಿ ಅತ್ತಿಗೆ. ಕುಳ್ಳನ ವೈದ್ಯನಿಗೆ ಫೀಸು?”

“ನಿನ್ನ ಟಿನ್ನು ವಾಪಸು ಕಳಿಸದೆ ಇಟ್ಟುಕೊಂಡಿದೀನಲ್ಲ, ಅದೇ ನಿನ್ನ ಫೀಸು.”

ಮುಂದಿನ ಶುಕ್ರವಾರ ಆಕೆ ಗಂಧವನ್ನು ತೆಳ್ಳಗೆ ತೇಯ್ದು, ಹಸಿರು ಬಣ್ಣದ ಮೇಲೆ, ಹಣೆಯ ನಟ್ಟನಡುವೆ ಬೊಟ್ಟಿಟ್ಟಳು. ದೊರೈಸಾಮಿ ನೋಡಿದನು; ಕರೆಯ ಮಾತನ್ನು ಎತ್ತಲಿಲ್ಲ. ಆಕೆ ಮುಚ್ಚಳವನ್ನು ಒಣ ಬಟ್ಟೆಯಿಂದ ಒರೆಸಿ, ಸೂಜಿಯನ್ನು ಒಮ್ಮೆ ಆಡಿಸಿ, ಆಮೇಲೆ ಕೈಮುಗಿದಳು.

ಇದನ್ನು ಕೇಳಿದವರ ಮನೆಯಲ್ಲಿ ದುಡಿಯುವ ಕಬ್ಬಿಣ ತುಕ್ಕು ಹಿಡಿಯದಿರಲಿ, ದುಡಿಯುವ ಕೈ ನೋಯದಿರಲಿ. ನೆಟ್ಟ ಗಿಡ ನೆಟ್ಟವರ ಕಣ್ಣೆದುರೇ ಚಿಗುರಲಿ. ನಾವು ಪ್ರೀತಿಸುವುದೆಲ್ಲವೂ ನಮ್ಮ ಪ್ರೀತಿಯೊಳಗೆ ಸಲೀಸಾಗಿ ಉಸಿರಾಡುವಂತೆ ರಂಗನಾಥನು ಎಲ್ಲರನ್ನೂ ಹರಸಲಿ.