ಗೋಂದಿಲ್ಲದ ಮುಚ್ಚಳ

ನಾನು ಬೆಂಕಿಪೊಟ್ಟಣದಷ್ಟಿರುವ ಒಂದು ಯಂತ್ರ. ಹುಟ್ಟಿದ್ದು ಚನ್ನಪಟ್ಟಣದ ಒಂದು ಬೊಂಬೆ ಕಡೆಯುವ ಮನೆಯಲ್ಲಿ. ನನಗೆ ಬೆಸುಗೆ ಹಾಕುವಾಗ ಆ ಮನೆಯ ಮಗಳು ಚಂದ್ರಕಲಾ ಎರಡು ಸಲ ಬೆರಳು ಸುಟ್ಟುಕೊಂಡಳು. ನನ್ನ ನಕ್ಷೆ ಕಂಪನಿಯದಲ್ಲ. ಸಕ್ಕರೆ ಕಾಯಿಲೆಯವರೇ ಸೇರಿ ಬರೆದು, ತಿದ್ದಿ, ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದರು.

ಕಲಾಳಿಗೆ ಒಂಬತ್ತನೇ ವಯಸ್ಸಿನಿಂದ ಆ ಕಾಯಿಲೆ. ತೋಳಿಗೆ ಅಂಟಿಸಿಕೊಂಡ ಸೆನ್ಸರ್ ಸಕ್ಕರೆಯ ಮಟ್ಟವನ್ನು ಪಿಸುಗುಟ್ಟುತ್ತದೆ. ಅದನ್ನು ಕೇಳಿ ಫೋನಿಗೆ ಮುಟ್ಟಿಸುವುದು ನನ್ನ ಕೆಲಸ. ಸಕ್ಕರೆ ಇಳಿದರೆ ಫೋನು ಕೂಗುತ್ತದೆ. ಇಳಿದಾಗ ಅವಳ ಕೈ ನಡುಗುತ್ತದೆ. ಮರ ಕಡೆಯುವ ಲೇತಿನ ಮುಂದೆ ಉಳಿ ಹಿಡಿದ ಕೈ ನಡುಗಬಾರದು.

"ಇನ್ನೊಂದ್ಸಲ ನಡುಗ್ತೋ, ಲೇತ್ ಬಿಟ್ಟು ಪ್ಯಾಕಿಂಗಿಗೆ ಕೂತ್ಕೊ," ಎಂದಿದ್ದರು ಅಪ್ಪ ಚಿಕ್ಕಲಿಂಗಯ್ಯ. ಕಲಾ ಅತ್ತಿರಲಿಲ್ಲ, ನನ್ನನ್ನು ಮಾಡಿದ್ದಳು.

ಎರಡು ತಿಂಗಳು ಚೆನ್ನಾಗಿ ದುಡಿದೆ. ಒಂದು ಬೆಳಗ್ಗೆ ಅಜ್ಜಿ ಕೆಂಪಾಜಮ್ಮ, "ಪಾಪ, ಮೈಯೆಲ್ಲಾ ಮರದ ಹೊಟ್ಟು," ಎಂದು ನನ್ನನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿದರು. ಸ್ಟೀಲಿನೊಳಗೆ ಸೆನ್ಸರಿನ ಮಾತು ನನಗೆ ಕೇಳಿಸದು. ಫೋನು ಸುಮ್ಮನಾಯಿತು. ಸುಮ್ಮನಿದೆಯೆಂದರೆ ಎಲ್ಲ ಸರಿಯಿದೆ ಎಂದುಕೊಂಡಳು ಕಲಾ.

'ಟಣ್!' ಕಡೆಯುತ್ತಿದ್ದ ಬುಗುರಿ ಅವಳ ಕೈತಪ್ಪಿ ಹಾರಿ ಡಬ್ಬಿಗೆ ಬಡಿಯಿತು.

"ಅಯ್ಯೋ, ನನ್ ಡಬ್ಬಿ ನೆಗ್ಗೋಯ್ತಲ್ಲೇ!" ಅಜ್ಜಿ ಮುಚ್ಚಳ ತೆಗೆದರು. ನನಗೆ ಕಿವಿ ಬಂತು: ಎಪ್ಪತ್ತರ ಮೇಲಿರಬೇಕಾದ ಸಕ್ಕರೆ ಐವತ್ತೆರಡು! ಫೋನು ಅರಚಿತು. ಅಜ್ಜಿ ಡಬ್ಬಿ ಬಿಸಾಕಿ ಮೊಮ್ಮಗಳ ಬಾಯಿಗೆ ಸಕ್ಕರೆ ತುರುಕಿದರು. ಅಪ್ಪ ಲೇತ್ ನಿಲ್ಲಿಸಿ, "ಸಾಕು. ಇನ್ನು ಪ್ಯಾಕಿಂಗು," ಎಂದರು.

ಕಲಾ ನಾಚಿಕೆಯವಳು. ಆದರೂ ಅಂದು ನನ್ನ ನಕ್ಷೆ ಬರೆದವರ ಗುಂಪಿಗೆ ಮೊದಲ ಸಲ ಧ್ವನಿ ಸಂದೇಶ ಕಳಿಸಿದಳು: "ಸಕ್ಕರೆ ಇಳಿದ್ರೆ ಮಾತ್ರ ಅಲ್ಲ, ಹತ್ತು ನಿಮಿಷ ಸುದ್ದಿ ಬರ್ದೇ ಇದ್ರೂ ಫೋನು ಕೂಗ್ಬೇಕು."

ಗುಂಪಿನಲ್ಲಿದ್ದ ವಿಜಯಪುರದ ರಾಚಮ್ಮ ಟೀಚರಿಗೂ ಅದೇ ಕಾಯಿಲೆ. ನಾಲ್ಕೇ ದಿನದಲ್ಲಿ ಅದಕ್ಕೆ ಪ್ರೋಗ್ರಾಂ ಬರೆದರು. "ಇದು ನಮಗ್ಯಾರಿಗೂ ಹೊಳದಿದ್ದಿಲ್ಲ ನೋಡವಾ!"

ಅಪ್ಪ ನಂಬಲಿಲ್ಲ. ತಾವೇ ನನ್ನನ್ನು ಸ್ಟೀಲ್ ಡಬ್ಬಿಗೆ ಹಾಕಿ, ಗಡಿಯಾರ ನೋಡುತ್ತ ಕೂತರು. ಹತ್ತು ನಿಮಿಷ ತುಂಬಿತು. ಫೋನು ಬೀದಿಗೆ ಕೇಳುವಂತೆ ಕೂಗಿತು.

"ಹೂಂ. ಉಳಿ ತಗೊ," ಎಂದರು.

ಅವತ್ತೇ ಕಲಾ, ಬೊಂಬೆಗೆ ಬಳಸುವ ಆಲೆಮರದಲ್ಲಿ ನನಗೊಂದು ಮನೆ ಕಡೆದಳು. ಕೆಂಪು ಅರಗಿನ ಹೊಳಪು. ಮರದೊಳಗೆ ಎಲ್ಲವೂ ಕೇಳುತ್ತದೆ. ಮುಚ್ಚಳಕ್ಕೆ ಗೋಂದು ಹಾಕಲಿಲ್ಲ. ಬೇಕಾದವರು ಬಿಚ್ಚಿ ನೋಡಲಿ ಎಂದು.

ಈಗಿನ ಸೆನ್ಸರುಗಳು ನೇರ ಫೋನಿನೊಂದಿಗೇ ಮಾತಾಡುತ್ತವೆ. ನನಗೆ ಗೋಡೆಯ ಗೂಡಿನಲ್ಲಿ, ಮರದ ಆನೆಯ ಪಕ್ಕ ವಿಶ್ರಾಂತಿ. ಕಾಯಿಲೆ ಹೊಸದಾಗಿ ಬಂದವರು ಗಾಬರಿಯಿಂದ ಬಂದಾಗ ಕಲಾ ನನ್ನನ್ನೇ ಅವರ ಕೈಗಿಡುತ್ತಾಳೆ: "ಬಿಚ್ಚಿ ನೋಡಿ, ಏನೂ ಆಗಲ್ಲ."

ಅವರು ಮುಚ್ಚಳ ತಿರುಗಿಸುತ್ತಾರೆ. ಗಾಬರಿ ಮರೆತ ಬೆರಳುಗಳು ನನ್ನ ತಂತಿಗಳನ್ನು ಮುಟ್ಟಿ ನೋಡುತ್ತವೆ. ಆಗ ಅಡುಗೆಮನೆಯಿಂದ ಅಜ್ಜಿಯ ದನಿ ತಪ್ಪದೆ ಬರುತ್ತದೆ:

"ಸ್ಟೀಲ್ ಡಬ್ಬಿಗ್ ಮಾತ್ರ ಹಾಕ್ಬ್ಯಾಡಿ ಕಣ್ರವ್ವಾ!"