ತಿಳಿನೀಲಿ ಕುರ್ತಾ

ಬೀರುವಿನ ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದುಕೊಂಡು ಗಗನ ತಲೆಕೆಟ್ಟು ನಿಂತಿದ್ದಳು. ಹನ್ನೊಂದಕ್ಕೆ ಸಂದರ್ಶನ. ಹತ್ತನೇ ತರಗತಿಯ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುವ ಕೆಲಸ, ಮನೆಯಲ್ಲೇ ಕೂತು ಮಾಡಬಹುದು. ಮದುವೆಗೆ ಮುಂಚೆ ಶಾಲೆಯಲ್ಲಿ ಪಾಠ ಮಾಡಿದ್ದವಳಿಗೆ ಪ್ರಶ್ನೆಗಳ ಭಯವಿರಲಿಲ್ಲ. ಅವಳನ್ನು ಹೆದರಿಸುತ್ತಿದ್ದದ್ದು ಅವಳ ಮೈಯೇ. ಹೆರಿಗೆಯಾಗಿ ನಾಲ್ಕು ತಿಂಗಳು. ಹಳೆಯ ರವಿಕೆ ಒಂದಕ್ಕೂ ಹುಕ್ಕು ಹಾಕಲಾಗುತ್ತಿರಲಿಲ್ಲ.

"ಚೌಕಳಿ ಬೇಡ ಕಣೇ, ಕ್ಯಾಮೆರಾದಲ್ಲಿ ಕಣ್ಣು ಕುಕ್ಕುತ್ತೆ. ಒಂದೇ ಬಣ್ಣದ್ದು, ತಿಳಿಯಾದ್ದು ಹಾಕ್ಕೊ. ಬಳೆ ತೆಗೆದಿಡು, ಸದ್ದಾಗುತ್ತೆ. ಮಗು ವಿಷಯ ಮಾತ್ರ ಬಾಯಿಬಿಡಬೇಡ," ಎಂದು ಗೆಳತಿ ಅನುಪಮಾ ಹಿಂದಿನ ದಿನವೇ ಫೋನಿನಲ್ಲಿ ಎಚ್ಚರಿಸಿದ್ದಳು.

ಕಡೆಗೆ ಒಂದು ತಿಳಿನೀಲಿ ಕುರ್ತಾ ಸಿಕ್ಕಿತು. ಉಸಿರು ಬಿಗಿಹಿಡಿದರೆ ಜಿಪ್ ಮೇಲೇರುತ್ತಿತ್ತು. ವೇಲ್ ಹೆಗಲಿಂದ ಜಾರುತ್ತಲೇ ಇದ್ದುದರಿಂದ ಅದನ್ನು ತೆಗೆದು ಎಸೆದಳು.

"ಚೆಂದಾಗದೆ ಕಣವ್ವ," ಎಂದರು ಅತ್ತೆ ಚಾಮುಂಡಮ್ಮ. "ಕೂಸಿನ ಯೋಚ್ನೆ ಬುಡು. ನಾನಿಲ್ವಾ?"

ನಜರ್‌ಬಾದಿನ ಆ ಮಹಡಿ ಮನೆಯಲ್ಲಿ ಇದ್ದದ್ದೇ ಎರಡು ಕೋಣೆ. ಗಂಡ ಲಿಂಗರಾಜು ದೇವರಾಜ ಮೊಹಲ್ಲಾದ ಪಾತ್ರೆ ಅಂಗಡಿಗೆ ಕೆಲಸಕ್ಕೆ ಹೊರಡುವ ಮುಂಚೆ ಬಿಳಿ ಬೋರ್ಡನ್ನು ಗೋಡೆಗೆ ಬಿಗಿದು ಹೋಗಿದ್ದ. ಗಗನ ಮಗುವಿಗೆ ಹೊಟ್ಟೆ ತುಂಬ ಕುಡಿಸಿ ಮಲಗಿಸಿದಳು. ನಡುವೆ ಎದ್ದರೆ ಇರಲಿ ಎಂದು ಒಂದಿಷ್ಟು ಹಾಲು ಹಿಂಡಿ ಬಟ್ಟಲಲ್ಲಿಟ್ಟು, ಪಕ್ಕದಲ್ಲಿ ಕುಡಿಸುವ ಒಳಲೆ ತೊಳೆದಿಟ್ಟಳು. ನಡುಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಳು.

ಪರದೆಯ ಮೇಲೆ ಇಬ್ಬರು ಬಂದರು. ಮನೋಹರ್ ಎನ್ನುವವರು ಶಿಕ್ಷಕರ ಉಸ್ತುವಾರಿ. ನರೆಗೂದಲಿನ ಪ್ರೇಮಲೀಲಾ ಗಣಿತ ವಿಭಾಗದ ಮುಖ್ಯಸ್ಥೆ.

"ಮುಗಿಯೋವರೆಗೂ ಕ್ಯಾಮೆರಾ ಆಫ್ ಮಾಡೋ ಹಾಗಿಲ್ಲ ಮೇಡಂ. ಮೈಕೂ ಅಷ್ಟೇ," ಎಂದರು ಮನೋಹರ್.

ಮೊದಲ ಪ್ರಶ್ನೆಗಳು ಸಲೀಸಾಗಿ ಮುಗಿದವು. ಅಷ್ಟರಲ್ಲಿ ಬಾಗಿಲಾಚೆ ಸಣ್ಣಗೆ ಕುಂಯ್ ಎಂದ ಸದ್ದು. ಗಗನ ದನಿ ಎತ್ತರಿಸಿ ಮಾತು ಮುಂದುವರಿಸಿದಳು. ಮಗುವೂ ದನಿ ಎತ್ತರಿಸಿತು.

"ಅದೇನು? ಮನೇಲಿ ಚಿಕ್ಕ ಮಗು ಇದೆಯಾ?"

"ಪಕ್ಕದ ಮನೇದು ಸಾರ್."

ಮಾತು ತಾನಾಗಿ ಬಂದುಬಿಟ್ಟಿತು. ಅವಳ ಕಿವಿ ಬಿಸಿಯಾಯಿತು. ಮನೋಹರ್ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಆದರೆ ಆ ಅಳು ಅವಳ ಮೈಗೆ ಕೇಳಿಸಿತ್ತು. ಎದೆ ಜುಮ್ಮೆಂದು ಬಿಗಿಯಿತು. ಬೇಡ, ಈಗ ಬೇಡ ಎಂದುಕೊಳ್ಳುತ್ತಿದ್ದಂತೆಯೇ ಹಾಲು ಇಳಿಯತೊಡಗಿತು. ಪರದೆಯ ಮೂಲೆಯ ತನ್ನ ಪುಟ್ಟ ಚಿತ್ರದಲ್ಲಿ ನೋಡಿಕೊಂಡಳು: ತಿಳಿನೀಲಿಯ ಮೇಲೆ ಕಾಸಗಲದ ಕಪ್ಪು ಕಲೆ, ಅದು ಅಗಲವಾಗುತ್ತಲೇ ಇತ್ತು. ಕುತ್ತಿಗೆಯವರೆಗಷ್ಟೇ ಕಾಣಲೆಂದು ಮುಂದಕ್ಕೆ ಬಾಗಿ ಮೇಜಿಗೆ ಒತ್ತಿಕೊಂಡಳು.

"ಸರಿ, ಈಗ ಡೆಮೋ. ಎದ್ದು ಬೋರ್ಡ್ ಹತ್ರ ಹೋಗಿ. ವರ್ಗ ಸಮೀಕರಣ ಹೇಳಿಕೊಡಿ."

"ಕೂತೇ ಹೇಳ್ಲಾ ಸಾರ್?"

"ಇಲ್ಲ ಮೇಡಂ. ಬೋರ್ಡ್ ಮೇಲೆ ಹೇಗೆ ಬರೀತೀರಿ ಅನ್ನೋದನ್ನೇ ನೋಡಬೇಕು."

ಗಗನ ಕುರ್ಚಿ ಬಿಟ್ಟೇಳಲಿಲ್ಲ. ಇಬ್ಬರೂ ಕಾಯುತ್ತಿದ್ದರು. ಆಗಲೇ ಒಳಗಿನ ಅಳು ತಟಕ್ಕನೆ ಕೆಮ್ಮಾಯಿತು. ಒಂದು ಕೆಮ್ಮು, ಇನ್ನೊಂದು, ಆಮೇಲೆ ಏನೂ ಇಲ್ಲ.

"ಗಗನಾ!" ಚಾಮುಂಡಮ್ಮನ ದನಿ ಚೀರಿತು.

ಕುರ್ಚಿ ಹಿಂದಕ್ಕೆ ಉರುಳಿತು. "ಪಕ್ಕದ ಮನೇದಲ್ಲ ಸಾರ್, ನನ್ನ ಮಗು," ಎಂದವಳೇ ಒದ್ದೆ ಎದೆಯಲ್ಲೇ ಓಡಿದಳು.

ಚಾಮುಂಡಮ್ಮ ಮಗುವನ್ನು ತೋಳಿನ ಮೇಲೆ ಬೋರಲು ಹಾಕಿಕೊಂಡು ಬೆನ್ನು ತಟ್ಟುತ್ತಿದ್ದರು. ಮಗುವಿನ ಮುಖ ಕೆಂಪೇರಿ ಕಪ್ಪಿಟ್ಟಿತ್ತು. ಗಗನ ಕಸಿದುಕೊಂಡು ತಲೆ ತಗ್ಗಿಸಿ ಹಿಡಿದು ತಟ್ಟಿದಳು. ಮೂಗು ಬಾಯಿಂದ ಹಾಲು ಹೊರಬಂತು. ಮಗು ಒಮ್ಮೆ ಉಸಿರೆಳೆದು ಮನೆ ಹಾರಿಹೋಗುವಂತೆ ಕಿರುಚಿತು. ಅಷ್ಟು ಹಿತವಾದ ಸದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಅಲ್ಲೇ ನೆಲಕ್ಕೆ ಕುಸಿದು ಎದೆಗೊತ್ತಿಕೊಂಡಳು.

"ನೆತ್ತಿಗತ್ತಿಬುಡ್ತು ಕಣವ್ವ. ಅಳು ನಿಲ್ಲಿಸ್ಬೇಕು ಅಂತ ಒಳಲೇಲಿ ಬಿರ್ರನೆ ಉಯ್ದುಬುಟ್ಟೆ..." ಚಾಮುಂಡಮ್ಮ ಬಿಕ್ಕಿದರು.

"ಏನೂ ಆಗಿಲ್ಲ ಬಿಡಿ ಅತ್ತೆ. ಉಸಿರಾಡ್ತಿದೆ, ನೋಡಿ."

ಮಗುವಿನ ಉಸಿರು ಹದಕ್ಕೆ ಬಂದು, ಅದು ಕುಡಿದು ಕಣ್ಣು ಮುಚ್ಚಿದ ಮೇಲಷ್ಟೇ ಅವಳಿಗೆ ಲ್ಯಾಪ್‌ಟಾಪ್ ನೆನಪಾದದ್ದು. ಬಾಗಿಲು ತೆರೆದೇ ಇತ್ತು. ಎಲ್ಲವೂ ಅವರಿಗೆ ಕೇಳಿಸಿರುತ್ತದೆ. ಲ್ಯಾಪ್‌ಟಾಪನ್ನು ಮುಚ್ಚಿಟ್ಟುಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಮಗುವನ್ನು ಅತ್ತೆಯ ಮಡಿಲಿಗೆ ಕೊಟ್ಟು, ಮೊಳೆಗೆ ನೇತುಹಾಕಿದ್ದ ಗಂಡನ ಕಾಫಿ ಬಣ್ಣದ ಅಂಗಿಯನ್ನು ಕುರ್ತಾದ ಮೇಲೇ ತೊಟ್ಟು ಗುಂಡಿ ಹಾಕಿಕೊಂಡಳು.

ಮನೋಹರ್ ಅವರ ಕುರ್ಚಿ ಖಾಲಿಯಿತ್ತು. ಪ್ರೇಮಲೀಲಾ ಕೂತೇ ಇದ್ದರು.

"ಮಗು ಹೇಗಿದೆ?"

"ಮಲಗಿದೆ ಮೇಡಂ."

"ಸುಳ್ಳು ಯಾಕೆ ಹೇಳಿದ್ರಿ?"

"ನಿಜ ಹೇಳಿದ್ರೆ ತಗೊಳ್ಳೋದಿಲ್ಲ ಅಂದ್ಕೊಂಡೆ."

"ತಗೊಳ್ತಿರಲಿಲ್ವೇನೋ," ಎಂದರು ಪ್ರೇಮಲೀಲಾ. "ಪಾಠ ಮಾಡೋಕಾಗುತ್ತಾ ಈಗ?"

ಗಗನ ಬೋರ್ಡಿನ ಮುಂದೆ ನಿಂತಳು. ಮೊದಲ ಸಾಲಲ್ಲೇ ಚಿಹ್ನೆ ತಪ್ಪಿತು. ಒರೆಸಿ ಮತ್ತೆ ಬರೆದಳು. ಮನೋಹರ್ ಯಾವಾಗಲೋ ಬಂದು ಕೂತವರು ದಡ್ಡ ಹುಡುಗನಂತೆ ಒಂದೇ ಪ್ರಶ್ನೆಯನ್ನು ತಿರುಗಾ ಮುರುಗಾ ಕೇಳಿದರು. ಅವಳು ಸೈಟೊಂದರ ಚಿತ್ರ ಬರೆದು, ಅದರ ಉದ್ದ ಅಗಲದಿಂದ ಸಮೀಕರಣ ಹೇಗೆ ಹುಟ್ಟುತ್ತದೆಂದು ಮೊದಲಿಂದ ಹೇಳಿದಳು. ಹೇಳುತ್ತಾ ಹೇಳುತ್ತಾ ದನಿ ತಹಬಂದಿಗೆ ಬಂತು.

ಎರಡು ದಿನ ಬಿಟ್ಟು ಪ್ರೇಮಲೀಲಾ ಫೋನ್ ಮಾಡಿದರು. "ಮನೋಹರ್‌ಗೆ ಇಷ್ಟವಿಲ್ಲ, ಮುಚ್ಚಿಟ್ಟು ಹೇಳೋದಿಲ್ಲ. ಮೂರು ತಿಂಗಳು ಟ್ರಯಲ್ ಅಂತ ತಗೊಳ್ತಿದ್ದೀವಿ. ಸಂಜೆ ಐದರ ಬ್ಯಾಚು, ನಡುವೆ ಬಿಡುವು ಕೊಡ್ತೀನಿ. ಇನ್ನೊಂದು ಸುಳ್ಳು ಸಿಕ್ಕಿದ್ರೆ ನಾನೂ ಏನೂ ಮಾಡೋಕಾಗಲ್ಲ."

"ಸರಿ ಮೇಡಂ," ಎಂದಳು ಗಗನ. ಫೋನ್ ಇಟ್ಟ ಮೇಲೂ ಅವಳಿಗೆ ಕುಣಿಯುವಷ್ಟು ಖುಷಿ ಬರಲಿಲ್ಲ. ಚಾಮುಂಡಮ್ಮ ಆವತ್ತಿನಿಂದ ಮಗುವನ್ನು ಒಬ್ಬರೇ ಎತ್ತಿಕೊಳ್ಳಲು ಹೆದರುತ್ತಿದ್ದರು. ಅವಳು ಲಿಂಗರಾಜುವಿಗೆ ಫೋನ್ ಹಚ್ಚಿದಳು.

"ಕೆಲಸ ಸಿಕ್ತು ರೀ. ಸೋಮವಾರದಿಂದ ಐದಕ್ಕೆ ಮುಂಚೆ ನೀವು ಮನೇಲಿರಬೇಕು."

"ಐದಕ್ಕಾ? ಅಂಗಡೀಲಿ ಅದೇ ವ್ಯಾಪಾರದ ಹೊತ್ತು ಕಣೇ. ಯಜಮಾನ್ರನ್ನ ಕೇಳಿ ನೋಡ್ತೀನಿ."

"ಕೇಳಿ ನೋಡೋದಲ್ಲ ಕಣ್ರೀ. ಬರಬೇಕು."

ಆ ಕಡೆ ಪಾತ್ರೆಗಳ ಸದ್ದಷ್ಟೇ ಕೇಳುತ್ತಿತ್ತು. ಗಗನ ಫೋನ್ ಇಡದೆ ಕಾದಳು.

"ಆಯ್ತು," ಎಂದ ಲಿಂಗರಾಜು. "ಬರ್ತೀನಿ."