ತಾರಸಿಯ ಪಂಪು

ಕನ್ನಡಕದಂಗಡಿಯವನಿಗೆ ಬಿಡುವು ಸಿಕ್ಕರೆ ಸಾಕು, ಸರ್ಕ್ಯೂಟ್ ಜೋಡಿಸುವ ಹುಚ್ಚು. ಅವನ ಹೆಂಡತಿ ತಾರಸಿಯಲ್ಲಿ ಹೂವಿನ ಸಸಿ ಬೆಳೆಸಿ ಮಾರುವವಳು. ಬಿಂದಿಗೆ ಹೊತ್ತು ಅವಳ ಸೊಂಟ ಬಿದ್ದುಹೋಗುವುದನ್ನು ನೋಡಲಾರದೆ ಇವನು ಪುಟ್ಟ ಬೋರ್ಡೊಂದಕ್ಕೆ ಪಂಪು ಕಟ್ಟಿದ, ಅದನ್ನು ಓಡಿಸಲು ವೆಬ್ ಪುಟವನ್ನೂ ಬರೆದ. ಲಿಂಕ್ ತೆರೆದರೆ ಪಂಪು ಶುರು, ಸ್ವಲ್ಪ ಹೊತ್ತಿಗೆ ತಾನೇ ಬಂದ್. ಪುಟದೊಳಗೆ ಬೇರೆ ಬಟನ್ ಯಾಕೆ ದಂಡಕ್ಕೆ ಅಂತ ಇಡಲೇ ಇಲ್ಲ. ಮಹಾರಾಯನ ಬುದ್ಧಿವಂತಿಕೆ ನೋಡಿ!

ಫೋನಿನಲ್ಲಿ ಮನೆಯವರ ಗುಂಪಿಗೆ ಲಿಂಕ್ ಕಳಿಸಿದ. ಮೇಲೆ ಪಂಪು ಗೊರ್ರೆಂದಿತು. ಯಾರೋ ಒತ್ತಿರಬೇಕೆಂದು "ಇದನ್ನು ಯಾರೂ ಮುಟ್ಟಬೇಡಿ" ಎಂದು ಬರೆದು, ಯಾವುದನ್ನು ಅಂತ ಗೊತ್ತಾಗಲಿ ಎಂದು ಮತ್ತೆ ಲಿಂಕ್ ಹಾಕಿದ. ಪಂಪು ಮತ್ತೆ ಗೊರ್ರೆಂದಿತು.

"ಭಾವ, ದೇವರಾಣೆಗೂ ನಾನಲ್ಲ" ಎಂದ ಭಾವಮೈದುನ.

ಪ್ರೋಗ್ರಾಮ್ ಅಳಿಸಿ ಬರೆದ. ಬೋರ್ಡನ್ನೇ ಬದಲಾಯಿಸಿದ. ಪ್ರತಿ ಸಲವೂ "ಈಗ ಸರಿಯಾಗಿದೆ" ಎಂದು ಗುಂಪಿಗೆ ಲಿಂಕ್ ಸಮೇತ ತಿಳಿಸುತ್ತಿದ್ದ, ಪಂಪು ಪ್ರತಿ ಸಲವೂ ಓಡುತ್ತಿತ್ತು. ತಲೆಬುಡ ತಿಳಿಯದೆ ಅವನ ತಲೆ ಗಿರ್ರೆಂದಿತು. ಅತ್ತ ಸಸಿಗಳ ಬೇರು ಕೊಳೆಯತೊಡಗಿತು. ಆಸ್ಪತ್ರೆಯ ತೋಟಕ್ಕೆಂದು ಅವಳು ಕೊಡಲು ಒಪ್ಪಿಕೊಂಡ ಸಸಿಗಳವು, ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ.

ಕೊನೆಗೆ ಅವನ ಅನುಮಾನ ಅವಳ ಮೇಲೇ ತಿರುಗಿತು. "ನನ್ನ ಯಂತ್ರ ಕಂಡ್ರೆ ನಿನಗಾಗಲ್ಲ. ನೀನೇ ಒತ್ತುತ್ತಿದ್ದೀಯ!"

"ನಾನೇ ಸಾಕಿದ ಸಸೀನ ನಾನೇ ಸಾಯಿಸ್ತೀನಾ? ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ." ಫೋನನ್ನು ಅವನೆದುರು ಮೇಜಿನ ಮೇಲೆ ಕುಕ್ಕಿ ಅವಳು ತಾರಸಿಗೆ ಹೋದಳು.

ಅವನು ತನ್ನ ಫೋನಿನಲ್ಲಿ ಭಾವಮೈದುನನಿಗೆ ಅವಳ ಮೇಲೆ ದೂರು ಬರೆಯಲು ಕೂತ. ಲಿಂಕ್ ಅಂಟಿಸಿದನಷ್ಟೆ, ಇನ್ನೂ ಕಳಿಸಿರಲಿಲ್ಲ. ಅದರ ಕೆಳಗೆ ಪುಟ್ಟ ಚೌಕ ಮೂಡಿ ಪುಟದ ಹೆಸರು ತೋರಿಸಿತು. ಮೇಲೆ ಪಂಪು ಗೊರ್ರೆಂದಿತು. ಅವಳ ಫೋನು ಕಣ್ಣೆದುರೇ ಕಪ್ಪಗೆ ಬಿದ್ದಿತ್ತು. ಅಯ್ಯೋ ಶಿವನೇ! ಹೆಸರು ತೋರಿಸಬೇಕೆಂದರೆ ಅವನ ಫೋನು ಮೊದಲು ತಾನೇ ಆ ಪುಟವನ್ನು ತೆರೆದು ನೋಡಬೇಕು. ಇಷ್ಟು ದಿನ ಪಂಪು ಓಡಿಸುತ್ತಿದ್ದದ್ದು ಅವನೇ.

ತಾರಸಿಗೆ ಓಡಿ ಹೋಗಿ ಪಂಪಿನ ಪ್ಲಗ್ ಕಿತ್ತ. ಅವಳು ಕುಕ್ಕರುಗಾಲಲ್ಲಿ ಕೂತು ಸಸಿಗಳ ಟ್ರೇಗಳಿಂದ ಬೊಗಸೆಯಲ್ಲಿ ನೀರು ತೆಗೆಯುತ್ತಿದ್ದಳು.

"ನೀನಲ್ಲ ಕಣೇ. ಲಿಂಕ್ ಹಾಕಿದ ಕೂಡ್ಲೇ ನನ್ನ ಫೋನೇ ಪುಟ ತೆರೀತಿತ್ತು. ಈಗ ಗೊತ್ತಾಯ್ತು."

ಅವಳು ತಲೆಯೆತ್ತಲಿಲ್ಲ. "ನಾನು ಹೇಳ್ದಾಗ ನಂಬಲಿಲ್ಲ," ಎಂದಳು. "ಫೋನ್ ಹೇಳಿದ್ಮೇಲೆ ನಂಬಿದ್ರಿ."